ಪದರ ಬಿಟ್ಟ ಹಾಳೆ

ಯೋಗರಾಜನಿಗೆ ಮಾತಿಗಿಂತ ಕೈ ಮುಂದು. ಜನ್ನಾಪುರದ ಬೀದಿಯವರು ಇದಕ್ಕೆ ಮೂಗು ಮುರಿದರೆ ಅವನು ಮೀಸೆ ತಿರುವುತ್ತಿದ್ದ. ಆ ಮಧ್ಯಾಹ್ನ ಶಿವಮೊಗ್ಗದಿಂದ ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಬಂದವನು ಮನೆ ಹಿಂದಿನ ಶೆಡ್ಡಿನ ಬಾಗಿಲನ್ನು ಒದ್ದು ತೆಗೆದ. ಒಳಗೆ ನಿಶಾಂತ್ ಒಬ್ಬನೇ ಇದ್ದ. ಯೋಗರಾಜನ ತಂಗಿ ಕವನಾಳ ಜೊತೆ ನಿಶ್ಚಿತಾರ್ಥವಾಗಿದ್ದ ಕುಂಸಿಯ ಹುಡುಗ.

ಅಣ್ಣ, ತಂಗಿ, ನಿಶಾಂತ್ ಮೂವರೂ ಸೇರಿ ಅಲ್ಲಿ ನೀರು ಸೋಸುವ ಹಾಳೆ ಮಾಡುತ್ತಿದ್ದರು. ತೆಳ್ಳನೆಯ ಹಾಳೆಯನ್ನು ಎರಡು ಪಾಲಿಮರ್ ದ್ರಾವಣಗಳಲ್ಲಿ ಸರದಿಯಂತೆ ಅದ್ದಬೇಕು. ಒಂದರದು ಧನ ವಿದ್ಯುತ್, ಇನ್ನೊಂದರದು ಋಣ; ಒಂದನ್ನೊಂದು ಸೆಳೆದುಕೊಂಡು ಪದರದ ಮೇಲೆ ಪದರ ಕೂರುತ್ತದೆ. ಓದು ಕವನಾಳದು, ಮಾರಾಟ ಯೋಗರಾಜನದು, ಅದ್ದುವ ಕೈ ನಿಶಾಂತನದು. ಅಂಥ ನಡುಗದ ಕೈ ಊರಲ್ಲೇ ಇರಲಿಲ್ಲ. ಆದರೆ ಇವತ್ತು ಶಿವಮೊಗ್ಗದಲ್ಲಿ ಕೊಳ್ಳುವವರೆದುರು ಯೋಗರಾಜ ಹಾಳೆಯ ಮೇಲೆ ಬಣ್ಣದ ನೀರು ಸುರಿದರೆ ಕೆಳಗೂ ಬಣ್ಣದ ನೀರೇ ಇಳಿಯಿತು. ಅವರು ನಕ್ಕರು. ನಗೆಗೀಡಾಗುವುದನ್ನು ಅವನು ಸಹಿಸಲಾರ.

“ನಿನ್ನೆ ಸಂಜೆ ಇಲ್ಲಿದ್ದೋನು ನೀನೊಬ್ನೇ. ಯಾರಿಗೆ ನಿನ್ನನ್ನ ಮಾರ್ಕೊಂಡು ಹಾಳೆ ಕೆಡ್ಸಿದೆ?”

“ನಾನೇನೂ ಮಾಡಿಲ್ಲ ಭಾವ.”

ಮೊದಲ ಏಟಿಗೆ ತುಟಿ ಸೀಳಿತು. ಎರಡನೆಯದಕ್ಕೆ ಹುಡುಗ ನೆಲಕ್ಕುರುಳಿದ. ಯೋಗರಾಜ ಕಬ್ಬಿಣದ ಸಲಾಕೆ ಎತ್ತಿದ. ನಿಶಾಂತ್ ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೂಳೆ ಲಟಕ್ಕೆಂದಿತು. ಕಿರುಚಾಟ ಕೇಳಿದ ಮೇಲೂ ಅದೇ ಕೈಗೆ ಇನ್ನೊಂದು ಬಾರಿಸಿದ. ಥೂ, ಬಿದ್ದವನನ್ನು ಬಡಿಯುವುದೂ ಒಂದು ಗಂಡಸುತನವೇ.

ಕವನಾ, ಹಿಂದೆಯೇ ತಾಯಿ ಈಶ್ವರಮ್ಮ ಓಡಿ ಬಂದರು. ಕವನಾ ಅಣ್ಣನನ್ನು ತಳ್ಳಿ ನಿಶಾಂತನ ತಲೆಯನ್ನು ತೊಡೆಗೇರಿಸಿಕೊಂಡಳು.

“ಹಾಳೆ ಕೆಡ್ಸಿದ್ದು ಇವ್ನೇ,” ಯೋಗರಾಜ ಏದುಸಿರು ಬಿಟ್ಟ. “ಅದು ರಾತ್ರಿಯೆಲ್ಲ ನೆಂದ ಪಾತ್ರೆ ನೋಡು.”

ಪಕ್ಕದಲ್ಲೇ ಇದ್ದ ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಏನೋ ಕಟ್ಟಿತ್ತು. ಕವನಾ ಬೆರಳದ್ದಿ ನಾಲಗೆಗಿಟ್ಟಳು.

“ಉಪ್ಪು. ಇಷ್ಟು ಉಪ್ಪು ಬಿದ್ರೆ ಅದು ಪದರಗಳ ಮಧ್ಯೆ ನುಗ್ಗಿ ಸೆಳೆತಾನೇ ಕಡಿಮೆ ಮಾಡುತ್ತೆ. ಹಿಡಿತ ಬಿಟ್ಟು ಕಳಚ್ಕೊಳ್ತಾವೆ. ಯಾರು ಹಾಕಿದ್ದು?”

ಈಶ್ವರಮ್ಮನ ಮುಖ ಕಪ್ಪಿಟ್ಟಿತು. “ನಾನು ಕಣೇ. ಬರೀ ನೀರು ಅಂದ್ಕೊಂಡೆ. ನಿನ್ನೆ ಸಂಜೆ ದೃಷ್ಟಿ ತೆಗ್ದೆ. ಮೂರು ಹಿಡಿ ಕಲ್ಲುಪ್ಪು ನಿವಾಳ್ಸಿ ಈ ಪಾತ್ರೆಗೆ ಹಾಕ್ದೆ. ಉಪ್ಪು ಕರಗಿದಂಗೆ ದೃಷ್ಟಿನೂ ಕರಗ್ಬೇಕಲ್ಲ.”

“ಯಾರಿಗೆ ತೆಗ್ದೆ?” ಯೋಗರಾಜ ಕೇಳಿದ. ಕೇಳದಿದ್ದರೇ ಚೆನ್ನಾಗಿತ್ತು.

“ಇವ್ನಿಗೇ ಕಣೋ. ಹೊಸಿಲಲ್ಲಿ ಆಚೆ ಮುಖ ಮಾಡಿ ನಿಲ್ಸಿದ್ದೆ, ಎಲ್ಲಿ ಹಾಕ್ದೆ ಅಂತ ಅವ್ನಿಗೂ ಗೊತ್ತಿಲ್ಲ. ಬೀದಿಯವ್ರೆಲ್ಲ ಅವ್ನ ಕೈ ಹೊಗಳ್ತಿದ್ರು. ಆ ಕೈಗೆ ಏನೂ ಆಗ್ದಿರ್ಲಿ ಅಂತ.”

ಯೋಗರಾಜ ಸಲಾಕೆ ಬಿಟ್ಟು ಹುಡುಗನನ್ನು ಎತ್ತಿಕೊಳ್ಳಲು ಬಗ್ಗಿದ. ನಿಶಾಂತ್ ಮುದುಡಿ ಗೋಡೆಗೆ ಸರಿದ. ಮುರಿದ ಕೈಯನ್ನು ಕವನಾ ತನ್ನ ವೇಲಿನಲ್ಲಿ ಸುತ್ತುತ್ತಿದ್ದಳು.

“ಜಾರಿ ಬಿದ್ದ ಅಂತ ಹೇಳೋಣ ಕವನಾ. ಮನೆ ಮಾನದ ಪ್ರಶ್ನೆ,” ಎಂದ ಯೋಗರಾಜ.

“ಆಸ್ಪತ್ರೇಲಿ ಯಾರು ಹೊಡೆದ್ರು ಅಂತ ಕೇಳ್ತಾರೆ. ನಿನ್ನ ಹೆಸರು ಹೇಳ್ತೀನಿ.”

ಅವನು ತಾಯಿಯ ಕಡೆ ನೋಡಿದ. ಅವನ ಎಲ್ಲ ಹೊಡೆದಾಟದಲ್ಲೂ ಇಲ್ಲಿಯವರೆಗೆ ಅವಳೇ ಅವನ ಪರ ನಿಂತು ಕಾಪಾಡಿದವಳು.

“ಅವಳು ಹೇಳ್ದಿದ್ರೆ ನಾನು ಹೇಳ್ತೀನಿ,” ಎಂದು ಈಶ್ವರಮ್ಮ ಆಟೋ ಕರೆಯಲು ಹೊರಟಳು.