ಮುಗದದ ದಾರಿಗೆ ಒಂದು ಹೆಬ್ಬೆಟ್ಟು

ಸಾವಂತ್ರೆವ್ವನ ಹೆಬ್ಬೆರಳಿನ ಮಸಿ ಮೂರು ದಿನವಾದರೂ ಹೋಗಲಿಲ್ಲ. ಹೋಗಲಿಲ್ಲ ಅನ್ನುವುದಕ್ಕಿಂತ ಅವಳೇ ಹೋಗಗೊಡಲಿಲ್ಲ. ಮುಸುರೆ ತಿಕ್ಕುವಾಗ ಆ ಒಂದು ಬೆರಳನ್ನು ಮೇಲೆತ್ತಿ ಹಿಡಿಯುತ್ತಿದ್ದಳು. ರೊಟ್ಟಿಯನ್ನು ನಾಲ್ಕೇ ಬೆರಳಲ್ಲಿ ಬಡಿದು, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಮಾಡಿಟ್ಟಳು. ಗಂಡ ಸೋಮಪ್ಪ ಆ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಆ ಬೆರಳಿಗೆ ಒಂದು ಕುಂಚಗಿ ಹೊಲಸೂಣೇನು? ಕೂಸಿನಗತೆ ಜ್ವಾಕಿ ಮಾಡಾಕತ್ತಿ. ದಿಟ್ಟಿ ಆದೀತು."

ಅವಳು ನಕ್ಕಳೇ ಹೊರತು ಬೆರಳು ತೊಳೆಯಲಿಲ್ಲ. ಹುಟ್ಟಿ ನಲವತ್ತು ವರ್ಷದಲ್ಲಿ ಊರು ಅವಳ ಕೈಯಿಂದ ಕಸ ತೆಗೆಸಿತ್ತು, ಕಲ್ಲು ಹೊರಿಸಿತ್ತು, ಸೌದೆ ತರಿಸಿತ್ತು. ಆ ಕೈಯ ಗುರುತು ಬೇಕು ಅಂದದ್ದು ಇದೇ ಮೊದಲು.

ಮಾತು ಸಾವಿರದ ಒಂಬೈನೂರ ಮೂವತ್ತರ ಸುಮಾರಿನದು. ಊರು ನೀರಲಮಡ್ಡಿ, ಮುಗದದ ರೈಲು ಸ್ಟೇಷನ್ನಿನಿಂದ ಎರಡೂವರೆ ಮೈಲು. ಊರ ಅಗಸಿಬಾಗಿಲಿನಿಂದ ಮುಗದಕ್ಕೆ ಒಂದು ಗಾಡಿಹಾದಿ ಇತ್ತು. ಅಗಸಿಯ ಹೊರಗೆ, ಇಳಿಜಾರಿನಲ್ಲಿ ಸಾವಂತ್ರೆವ್ವನ ಕೇರಿ. ಕೇರಿಯವರು ಆ ಗಾಡಿಹಾದಿ ತುಳಿಯುವಂತಿರಲಿಲ್ಲ, ಯಾಕೆಂದರೆ ಅದು ಹನುಮಪ್ಪನ ಗುಡಿಗೆ ಒರಸಿಕೊಂಡು ಹೋಗುತ್ತಿತ್ತು. ಯಾರೂ ಬರೆದಿಟ್ಟ ಕಾನೂನಲ್ಲ. ಅದಕ್ಕೇ ಅದನ್ನು ಅಳಿಸುವುದಕ್ಕೂ ಬರುತ್ತಿರಲಿಲ್ಲ. ಕೇರಿಯವರು ಹಳ್ಳಕ್ಕಿಳಿದು, ಗುಂಡುಗಲ್ಲು ದಾಟಿಕೊಂಡು ಮುಗದ ಸೇರುತ್ತಿದ್ದರು. ಮಳೆಗಾಲದಲ್ಲಿ ಸೇರುತ್ತಲೇ ಇರಲಿಲ್ಲ.

ಕಾಲಿದ್ದವರಿಗೆ ಅದೂ ನಡೆಯುತ್ತಿತ್ತು. ಸೋಮಪ್ಪನಿಗೆ ಕಾಲಿರಲಿಲ್ಲ.

ಅವನು ರೈಲ್ವೆ ಗ್ಯಾಂಗಿನಲ್ಲಿ ಹತ್ತು ವರ್ಷ ದುಡಿದವನು. ಒಂದು ಬೇಸಿಗೆ, ಹಳಿ ಇಳಿಸುವಾಗ ಒಂದು ಹಳಿ ಜಾರಿ ಎರಡೂ ಮೊಣಕಾಲಿನ ಮೇಲೆ ಬಿತ್ತು. ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಬಂದಾಗ ಅವನು ಅರ್ಧ ಆಗಿದ್ದ, ಮಾತು ಮಾತ್ರ ಇಮ್ಮಡಿಯಾಗಿತ್ತು. ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ಕಲಿತ. ಧಾರವಾಡದಲ್ಲಿ ಮಂಗಳವಾರ ಸಂತೆ. ಅವತ್ತು ಬೆಳಗ್ಗೆ ರೈಲು ಹತ್ತುವ ಜನ ಮುಗದದ ಸ್ಟೇಷನ್ನಿನ ಮುಂದೆ ನೆರೆಯುತ್ತಿದ್ದರು. ಅಲ್ಲಿ ಕೂತು ಹಗ್ಗ ಮಾರುತ್ತಿದ್ದ.

ಅಲ್ಲಿಗೆ ಹೋಗುತ್ತಿದ್ದದ್ದು ಹೆಂಡತಿಯ ಬೆನ್ನ ಮೇಲೆ. ಸಾವಂತ್ರೆವ್ವ ಹಳೇ ಸೀರೆಯಲ್ಲಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು, ಹಗ್ಗದ ಹೊರೆ ತಲೆಯ ಮೇಲಿಟ್ಟುಕೊಂಡು ಹಳ್ಳಕ್ಕಿಳಿಯುತ್ತಿದ್ದಳು. ಹಳ್ಳದ ನಡುವೆ ಪಾಚಿಗಟ್ಟಿದ ಕರೀ ಬಂಡೆ. ಅದರ ಮುಂದೆ ಅವಳು ನಿಲ್ಲಬೇಕು. ಅವನು ಬೆನ್ನ ಮೇಲಿಂದ ಬಗ್ಗಿ ಎಲ್ಲಿ ಕಾಲಿಡಬೇಕೆಂದು ನೋಡಿ, ಸ್ಟೇಷನ್ ಮಾಸ್ತರನ ದನಿಯಲ್ಲಿ "ಲೈನ್ ಕಿಲಿಯರ್" ಅನ್ನಬೇಕು. ಆಮೇಲೆ ಅವಳು ಹೆಜ್ಜೆ ಎತ್ತಬೇಕು. ಹೀಗೆ ಆರು ವರ್ಷ ನಡೆದಿತ್ತು.

ಆದರೆ ಸ್ಟೇಷನ್ನಿನ ಬಯಲು ಕಂಡ ಕೂಡಲೆ ಅವನ ಮಾತು ನಿಂತುಬಿಡುತ್ತಿತ್ತು. ಹಳೇ ಗ್ಯಾಂಗಿನವರು ಕಾಣುವ ಜಾಗ ಅದು. ಅಲ್ಲಿಂದ ಮುಂದಿನ ನೂರು ಹೆಜ್ಜೆ ಅವನು ಅವಳ ಹೆಗಲಲ್ಲಿ ಮುಖ ಹುದುಗಿಸಿ, ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅವಳಿಗೆ ಅದು ಕಾಣುತ್ತಿರಲಿಲ್ಲ. ಕುತ್ತಿಗೆಗೆ ಗೊತ್ತಾಗುತ್ತಿತ್ತು.

ಅದಕ್ಕೇ ಗಾಡಿ ಮಾಡಿಸಿದರು. ಮುಗದದ ಬಡಿಗ ಮಕಬೂಲಸಾಬ ಮಾವಿನ ಹಲಗೆಗೆ ನಾಲ್ಕು ಕಬ್ಬಿಣದ ಗಾಲಿ ಕೂಡಿಸಿಕೊಟ್ಟ. ಗಾಲಿಗಳು ಹುಬ್ಬಳ್ಳಿಯ ಯಾವುದೋ ಅರಳೆ ಗಿರಣಿಯ ಗುಜರಿಯಲ್ಲಿ ಸಿಕ್ಕವು. ಎರಡು ಗಿಡ್ಡ ಕಟ್ಟಿಗೆಯಿಂದ ನೆಲ ಒತ್ತಿದರೆ ಗಾಡಿ ಮುಂದಕ್ಕೆ ಹೋಗುತ್ತಿತ್ತು. ಸೆಗಣಿ ಸಾರಿಸಿದ ಪಡಸಾಲೆಯಲ್ಲಿ ಏನು ಓಡಿತೆಂದರೆ, ಗೋಡೆಗೆ ಬಡಿದು ಸೋಮಪ್ಪನೇ ಗೊಳ್ ಅಂತ ನಕ್ಕುಬಿಟ್ಟ. ಅಂಗಳಕ್ಕಿಳಿದರೆ ಒಂದು ಮಾರು ಹೋಗಿ ಕಲ್ಲಿಗೆ ಸಿಕ್ಕಿಬೀಳುತ್ತಿತ್ತು. ಗಾಡಿ ಇತ್ತು, ದಾರಿ ಇರಲಿಲ್ಲ.

ಅಷ್ಟರಲ್ಲಿ ಊರಿಗೆ ದಾರಿ ಮಂಜೂರಾಯಿತು. ಭತ್ತದ ಗಾಡಿ ಕೆಸರಲ್ಲಿ ಹೂತುಹೋಗುತ್ತವೆ, ಸರಕಾರ ದಯಮಾಡಬೇಕು ಅಂತ ಗೌಡರೂ ಕುಲಕರ್ಣಿ ವೆಂಕಣ್ಣನೂ ಧಾರವಾಡದ ಲೋಕಲ್ ಬೋರ್ಡಿಗೆ ಬರೆದ ಅರ್ಜಿಗೆ ಎರಡು ವರ್ಷಕ್ಕೆ ಫಲ ಬಂದಿತ್ತು. ಅಗಸಿಯಿಂದ ಸ್ಟೇಷನ್ನಿನವರೆಗೆ ಗರಸು ಹಾಕಿ, ಬಡಿದು, ಎರಡೂ ಕಡೆ ಗಟಾರ ತೋಡಿದ ದಾರಿ. ಅಳತೆಗೆ ಬೋರ್ಡಿನ ಓವರ್ಸಿಯರ್ ಏಕನಾಥ ಬಂದ. ಧಾರವಾಡದ ಹುಡುಗ, ಹೊಸ ನೌಕರಿ, ಹೊಸ ಸೈಕಲ್ಲು. ಮೊದಲ ದಿನವೇ ಹಳ್ಳದಲ್ಲಿ ಎರಡು ತಲೆಯ ಹೆಂಗಸೊಬ್ಬಳು ಹತ್ತಿ ಬರುವುದನ್ನು ಕಂಡು, ಅಳತೆಯ ಸರಪಳಿ ಕೆಳಗಿಟ್ಟು ನಿಂತುಬಿಟ್ಟ.

ಮೇಲಿನ ತಲೆ ಅವನಿಗೆ ಬುದ್ಧಿ ಹೇಳಿತು. ಗುಡಿಯ ಪಕ್ಕದ ಹಳೇ ಹಾದಿಯಲ್ಲೇ ಗರಸು ಹಾಕಿದರೆ ಒಂದೇ ಮಳೆಗೆ ಕೊಚ್ಚಿಹೋಗುತ್ತದೆ, ಗುಡ್ಡದ ನೀರೆಲ್ಲ ಅಲ್ಲೇ ಇಳಿಯುವುದು, ಕೇರಿಯ ಪಕ್ಕದ ಗಟ್ಟಿನೆಲದ ಮೇಲೆ ತಂದರೆ ಇಳಿಜಾರೂ ಸಮ ಅಂತ. ಹತ್ತು ವರ್ಷ ಹಳಿಯ ಕೆಳಗಿನ ನೆಲ ಓದಿದವನ ಮಾತು. ಏಕನಾಥ ಅಳೆದು ನೋಡಿದ, ಖರೇ ಇತ್ತು. ಮರುದಿನವೆಲ್ಲ ಸೋಮಪ್ಪ ಹೆಂಡತಿಯ ಬೆನ್ನ ಮೇಲೆ ಕೂತು ಎಡಕ್ಕೆ ಬಲಕ್ಕೆ ಕೈ ಮಾಡಿದ, ಏಕನಾಥನ ಆಳುಗಳು ಸುಣ್ಣ ಬಳಿದ ಗೂಟ ಹೊಡೆದರು. ಸಂಜೆಯ ಹೊತ್ತಿಗೆ ಕೇರಿಯ ಪಕ್ಕದಿಂದ ನೀರಲಗಿಡದ ಸಾಲಿನವರೆಗೆ ಬೆಳ್ಳನೆ ಗೂಟಗಳು.

ಹೋಗುವ ಮುಂದೆ ಏಕನಾಥ ಬೋರ್ಡಿನ ಕಾಗದ ಓದಿ ಹೇಳಿದ. ದಾರಿ ಸಾರ್ವಜನಿಕ, ಯಾರೂ ಯಾರನ್ನೂ ಅದರ ಮೇಲೆ ತಡೆಯತಕ್ಕದ್ದಲ್ಲ. ಸಾವಂತ್ರೆವ್ವನಿಗೆ ಆ ಶಬ್ದ ಹೊಸದು. ಹಂಗಂದರೇನ್ರಿ ಅಂತ ಕೇಳಿದಳು.

"ಅಂದ್ರ ಎಲ್ಲಾರ್ದು. ನಿಮ್ದೂ."

ಸೋಮಪ್ಪ ಆ ರಾತ್ರಿಯಿಂದಲೇ ತನ್ನ ಗಾಡಿಯನ್ನು ಸಾರ್ವಜನಿಕ ಗಾಡಿ ಅನ್ನತೊಡಗಿದ. ಗಾಲಿಗೆ ಹರಳೆಣ್ಣೆ ಬಿಡುತ್ತ, ಮಕಬೂಲಸಾಬನಿಗೆ, ಗ್ಯಾಂಗಿನವರಿಗೆ, ಸ್ಟೇಷನ್ನಿನ ಮುಂದಿನ ಚಹಾದವನಿಗೆ ಏನೇನು ಹೇಳಬೇಕೆಂದು ಒಬ್ಬನೇ ತಾಲೀಮು ಮಾಡುತ್ತಿದ್ದ. ಒಂದು ಸಲ ಮಾತ್ರ, ಚೇಷ್ಟೆ ಬಿಟ್ಟು, ಮುಖ ಆ ಕಡೆ ಮಾಡಿ ಅಂದ:

"ಸಾವಂತ್ರಿ, ನಂದೇನಿಲ್ಲ. ಒಂದs ಒಂದು ಸಲ ಅಲ್ಲಿಗಿ ನಾನs ಹೋಗಬೇಕು. ಕಣ್ಣು ತಕ್ಕೊಂಡು."

ಇದಾದ ವಾರಕ್ಕೆ ಚಾವಡಿಯಿಂದ ಕರೆ ಬಂತು. ಸೋಮಪ್ಪನದೊಂದು ಹೆಬ್ಬೆಟ್ಟು ಬೇಕು, ಅವನಿಗೆ ಬರಲಾಗದಿದ್ದರೆ ಹೆಂಡತಿ ಬರಲಿ. ಸಾವಂತ್ರೆವ್ವ ಒಗೆದ ಸೀರೆ ಉಟ್ಟು ಹೋದಳು. ಚಾವಡಿಯ ಕಟ್ಟೆಯ ಮೇಲೆ ಗೌಡರು ಕೂತು ಅಡಕೆ ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ. ವೆಂಕಣ್ಣ ಕಾಗದವನ್ನೂ ಮಸಿಯ ಅರಿವೆಯನ್ನೂ ಕೆಳಗಿನ ಮೆಟ್ಟಿಲ ಮೇಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು ನಿಂತ. ರಸ್ತೆಯ ಕಾಗದ, ನಿಮ್ಮ ಕೇರಿಯದೂ ಒಂದು ಗುರುತು ಇದ್ದರೆ ಬೋರ್ಡಿನವರಿಗೆ ಸಮಾಧಾನ ಅಂದ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಸೋಮಪ್ಪನಾಗಿದ್ದರೆ ಓದಿ ಹೇಳ್ರಿ ಅನ್ನುತ್ತಿದ್ದ. ರೈಲ್ವೆಯಲ್ಲಿ ಕಲಿತ ಚಾಳಿ ಅದು. ಸಾವಂತ್ರೆವ್ವನಿಗೆ ಅದು ಹೊಳೆಯಲಿಲ್ಲ. ಕಾಗದದ ಮೇಲೆ ಗೌಡರ ಸಹಿ ಇದೆ, ಅದರ ಕೆಳಗೆ ತನ್ನ ಬೆರಳಿಗೆ ಜಾಗ ಬಿಟ್ಟಿದ್ದಾರೆ, ಅಷ್ಟೇ ಅವಳ ಕಣ್ಣಿಗೆ ಕಂಡದ್ದು. ಉಸಿರು ಬಿಗಿಹಿಡಿದು ಒತ್ತಿದಳು. ಕೇಳಿದ್ದು ಒಂದೇ ಮಾತು.

"ಛಲೋ ಮೂಡೇತೇನ್ರಿ?"

ವೆಂಕಣ್ಣ ಬಗ್ಗಿ ನೋಡಿದ. "ಭಾಳ ಛಲೋ ಮೂಡ್ಯದ."

ಆ ಮಸಿಯನ್ನೇ ಅವಳು ಮೂರು ದಿನ ಕಾಪಾಡಿದ್ದು. ನಾಲ್ಕನೆಯ ದಿನ ತಾನಾಗಿಯೇ ಹೋಯಿತು.

ಹೆಬ್ಬೆಟ್ಟು ಒತ್ತಿದ ಮೇಲೆ ಹದಿನೈದು ದಿನ ಏನೂ ನಡೆಯಲಿಲ್ಲ. ಗರಸಿನ ಗಾಡಿ ಬರಲಿಲ್ಲ. ಸರಕಾರದ ಕೆಲಸ ಅಂದರೆ ಹಾಗೇ ಅಂತ ಸೋಮಪ್ಪ ಸಮಾಧಾನ ಹೇಳಿದ. ಅಗಸಿಯ ಕಡೆಯ ನಾಲ್ಕಾರು ಗೂಟ ಕಾಣೆಯಾದವು. ಯಾರೋ ಒಲೆಗೆ ಒಯ್ದಿರಬೇಕು ಅಂದುಕೊಂಡರು.

ಹದಿನಾರನೆಯ ದಿನ ಮಧ್ಯಾಹ್ನ ಸಾವಂತ್ರೆವ್ವ ಹಳ್ಳದಲ್ಲಿ ಪುಂಡಿ ನಾರು ತೊಳೆಯುತ್ತಿದ್ದಾಗ ಏಕನಾಥ ಸೈಕಲ್ಲು ತಳ್ಳಿಕೊಂಡು ಬಂದ. ಮುಖ ಸಿಡುಕಾಗಿತ್ತು. ಹೆದರಿಕೆ ಇದ್ದರೆ ನನಗೊಂದು ಮಾತು ಹೇಳಬಾರದಿತ್ತೇನು, ನಿಮಗಾಗಿ ನಾನು ಮೇಲಿನವರ ಜೊತೆ ಜಗಳಾಡಿ ಗೂಟ ಸರಿಸಿದೆ, ನೀವೇ ಹಿಂಗ ಮಾಡಿದರೆ ನಾನು ಯಾವ ಮುಖ ತೋರಿಸಲಿ ಅಂತ ಒಂದೇ ಸಮನೆ ಅಂದ. ಅವಳು ಒದ್ದೆ ನಾರು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ನಾವೇನು ಮಾಡಿದೆವು ಅನ್ನುವುದೇ ಅವಳಿಗೆ ತಿಳಿಯಲಿಲ್ಲ.

ಏಕನಾಥ ಜೇಬಿನಿಂದ ಕಾಗದ ತೆಗೆದ. ಬೋರ್ಡಿನಿಂದ ಕೇಳಿ ತಂದಿದ್ದ ಮೂಲ ಕಾಗದ. ಓದಿದ. ನೀರಲಮಡ್ಡಿಯ ಸಮಸ್ತರು ವಿಚಾರ ಮಾಡಲಾಗಿ ಇದ್ದ ದಾರಿಯೇ ಸಾಕೆಂದು ಕಂಡುಬಂದಿರುತ್ತದೆ. ಹೊಸ ದಾರಿ ನಮಗೆ ಬೇಡ. ಕೇರಿಯವರಿಗೂ ಹಳ್ಳದ ದಾರಿಯೇ ಅನುಕೂಲವಾಗಿರುತ್ತದೆ ಎಂದು ಅವರೇ ಒಪ್ಪಿ ಗುರುತು ಮಾಡಿರುತ್ತಾರೆ.

ಕೆಳಗೆ ಅವಳ ಹೆಬ್ಬೆಟ್ಟು. ಗೆರೆಗಳೆಲ್ಲ ಎಣಿಸುವ ಹಾಗೆ ಮೂಡಿದ್ದವು.

ಏಕನಾಥ ಅವಳ ಮುಖ ನೋಡಿದ. ಸಿಡುಕು ಇಳಿದುಹೋಯಿತು. ಸೈಕಲ್ಲನ್ನು ಬಂಡೆಗೆ ಒರಗಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಓದಿ ಹೇಳಲಿಲ್ಲೇನು ಅವರು?"

"ನಾ ಕೇಳಲಿಲ್ಲರಿ."

ಭತ್ತದ ಗಾಡಿ ಹೂತುಹೋದರೂ ಚಿಂತೆಯಿಲ್ಲ, ಎಲ್ಲರದೂ ಆಗುವ ದಾರಿ ಬೇಡ ಅಂತ ಗೌಡರೂ ಕುಲಕರ್ಣಿಯೂ ನಿಶ್ಚಯ ಮಾಡಿದ್ದರು, ಗೂಟ ಕೇರಿಯ ಕಡೆ ತಿರುಗಿದ ದಿನವೇ. ಏಕನಾಥ ಅದನ್ನು ನೆಲ ನೋಡುತ್ತ ಹೇಳಿದ. ಅವಳು, ಬೇಕು ಅಂತ ಇನ್ನೊಂದು ಕಾಗದ ಬರೆಯಿರಿ, ಇದೇ ಬೆರಳು ಮತ್ತೆ ಒತ್ತುತ್ತೇನೆ ಅಂದಳು. ಬೇಕಾದರೆ ಹತ್ತೂ ಬೆರಳು.

"ಆ ದಾರಿ ಈಗ ಕಲಘಟಗಿ ಕಡೀಗೆ ಇನ್ನೊಂದು ಊರಿಗೆ ಹೋಗ್ಯದ, ಸಾವಂತ್ರೆವ್ವಾ. ಊರು ಅರ್ಜಿ ಕೊಟ್ರನ ಮತ್ತ ಬರೂದು. ಊರಂದ್ರ ಕುಲಕರ್ಣಿ ದಫ್ತರನ."

ಅವನು ಹೋದ ಮೇಲೆ ಅವಳು ಹಳ್ಳದ ಮರಳು ತೆಗೆದುಕೊಂಡು ಹೆಬ್ಬೆರಳು ಉಜ್ಜಿದಳು. ಮಸಿ ಹೋಗಿ ಹನ್ನೆರಡು ದಿನವಾಗಿತ್ತು. ಆದರೂ ಉಜ್ಜಿದಳು.

ಮನೆಗೆ ಬಂದಾಗ ಸೋಮಪ್ಪ ಪಡಸಾಲೆಯಲ್ಲಿ ಗಾಡಿಯ ಮೇಲೇ ಕೂತು ಹಗ್ಗ ಹೊಸೆಯುತ್ತಿದ್ದ. ಸೈಕಲ್ಲಿನ ಗಂಟೆ ಕೇಳಿಸಿತ್ತು, ಓವರ್ಸಿಯರ್ ಸಾಹೇಬರು ಗರಸು ಯಾವಾಗ ಅಂದರು ಅಂತ ಕೇಳಿದ. ಸುಳ್ಳು ಹೇಳಬೇಕೆಂದು ಅವಳು ಹಳ್ಳದಿಂದ ಇಲ್ಲಿಯವರೆಗೆ ಮೂರು ಸುಳ್ಳು ಯೋಚಿಸಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದಳು. ಒಗೆದ ಸೀರೆ ಉಟ್ಟು ಹೋದದ್ದು, ಛಲೋ ಮೂಡೇತೇನ್ರಿ ಅಂದದ್ದು, ಅದನ್ನೂ ಬಿಡದೆ ಹೇಳಿದಳು.

ಅವನು ಬೈದಿದ್ದರೆ ಚೆನ್ನಾಗಿತ್ತು. ಅವಳ ಕೈ ಹಿಡಿದು, ಹೆಬ್ಬೆರಳು ತಿರುವಿ ನೋಡಿದ. ಚರ್ಮ ಸುಲಿದು ಕೆಂಪಗಾಗಿತ್ತು. ಗಾಲಿಗೆ ಇಟ್ಟುಕೊಂಡಿದ್ದ ಹರಳೆಣ್ಣೆಯಲ್ಲಿ ಬೆರಳದ್ದಿ ಅದಕ್ಕೆ ಸವರಿದ.

"ಓದಿಸಿ ಕೇಳಬೇಕಿತ್ತಲ್ಲಾ" ಅಂದ, ಮೆಲ್ಲಗೆ. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಹಗ್ಗ ಹೊಸೆದ, ಉಂಡ, ಮಲಗಿದ. ರೊಟ್ಟಿ ದಪ್ಪವಾದರೂ ತೆಳ್ಳಗಾದರೂ ಏನೂ ಅನ್ನಲಿಲ್ಲ. ಗಾಡಿಯಿಂದ ಇಳಿದು ನೆಲದ ಮೇಲೆ ಕೂತ. ಗಾಡಿಯ ಮೇಲೆ ಅವಳು ನಾರಿನ ಸಿವುಡು ಇಟ್ಟಳು, ತೆಗಿ ಅನ್ನಲಿಲ್ಲ.

ಮಂಗಳವಾರ ಬಂತು. ಬೆಳಕು ಹರಿಯುವಾಗ ಸಾವಂತ್ರೆವ್ವ ಹಳೇ ಸೀರೆ ಮಡಚಿಕೊಂಡು ಬಂದು, ಎಂದಿನಂತೆ ಅವನ ಮುಂದೆ ಬೆನ್ನು ಮಾಡಿ ಕೂತಳು. ಕುತ್ತಿಗೆಗೆ ಕೈ ಬೀಳಲಿಲ್ಲ. ತಿರುಗಿ ನೋಡಿದರೆ ಅವನು ಗೋಡೆಗೆ ಒರಗಿ ಕೂತಿದ್ದ.

"ಇನ್ನ ನೀ ಒಬ್ಬಾಕಿನs ಹೋಗು. ನಾ ಬರೂದಿಲ್ಲ. ನಿನ್ನ ಬೆನ್ನರ ಹಗರ ಆಗಲಿ."

ಅವಳು ಕೇಳಿಕೊಂಡಳು. ಹಟ ಮಾಡಿದಳು. ನೀನಿಲ್ಲದೆ ಹಗ್ಗ ಮಾರುವ ಮಾತು ನನಗೆ ಬರುವುದಿಲ್ಲ ಅಂದಳು. ಅವನು ಕಣ್ಣು ಮುಚ್ಚಿಕೊಂಡ, ಸ್ಟೇಷನ್ನಿನ ಬಯಲಲ್ಲಿ ಮುಚ್ಚುತ್ತಿದ್ದ ಹಾಗೆ, ಆದರೆ ಈಗ ತನ್ನ ಮನೆಯಲ್ಲೇ.

ಹಗ್ಗದ ಹೊರೆ ಹೊತ್ತು ಅವಳು ಕೇರಿ ದಾಟಿದಳು. ದಾರಿಯ ಪಕ್ಕ ಇನ್ನೂ ನಾಲ್ಕು ಗೂಟ ಉಳಿದಿದ್ದವು, ಸುಣ್ಣ ಮಾಸಿತ್ತು. ಹಳ್ಳಕ್ಕಿಳಿದಳು. ಬೆನ್ನ ಮೇಲೆ ಭಾರವಿಲ್ಲದಿದ್ದರೂ ಸೊಂಟ ಬಗ್ಗಿಯೇ ಇತ್ತು, ನೆಟ್ಟಗಾಗು ಅಂದರೂ ಆಗಲೊಲ್ಲದು. ನೀರು ಮೀನಖಂಡದವರೆಗೆ ಇತ್ತು, ತಣ್ಣಗಿತ್ತು.

ಕರೀ ಬಂಡೆಯ ಮುಂದೆ ಅವಳ ಕಾಲು ತಾವಾಗಿಯೇ ನಿಂತವು. ಒಂದು ಕೈ ಹೊರೆಯ ಮೇಲೆ, ಇನ್ನೊಂದು ಕೈ ಬೆನ್ನ ಹಿಂದೆ, ಅವನು ಬೀಳದ ಹಾಗೆ ಆತುಕೊಂಡಿತ್ತು. ದೂರದಲ್ಲಿ ಮುಗದಕ್ಕೆ ಬರುವ ಬೆಳಗಿನ ರೈಲು ಕೂಗಿತು. ಹೊತ್ತಾಯಿತು ಅಂತ ಅವಳಿಗೆ ಗೊತ್ತಿತ್ತು. ಎಲ್ಲಿ ಕಾಲಿಡಬೇಕೆಂಬುದೂ ಆರು ವರ್ಷದಲ್ಲಿ ಅವಳಿಗೇ ಚೆನ್ನಾಗಿ ಗೊತ್ತಾಗಿತ್ತು. ಆದರೂ ಅವಳು ನಿಂತೇ ಇದ್ದಳು, ಬೆನ್ನ ಮೇಲಿಂದ ಯಾರಾದರೂ ಆ ಎರಡು ಮಾತು ಅನ್ನಲಿ ಅಂತ.