ಗಾಳಿ ತೋರಿಸಿದ ಗೆರೆ

"ಹಿಂದ್ಗಡೆ ಸಣ್ಣ ಆಗ್ಬೇಕಿತ್ತಲ್ಲ ಉಗ್ರಪ್ಪನವರೇ, ಅದೆಲ್ಲಿ ಹೋಯ್ತು?"

ಗಿರಿಜಾದೇವಿಯವರು ಹಿತ್ತಾಳೆಯ ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು. ಅದು ಬಂದೂಕಿಗೆ ಹಾಕುವ ಗುಂಡಲ್ಲ. ಅದರ ಮೂರರಷ್ಟು ದೊಡ್ಡ ಮಾದರಿ. ಮೂಗು ಸೂಜಿಯ ಹಾಗೆ ಚೂಪಾಗಿ ಹೊರಟು, ಬರಬರುತ್ತ ಬಳುಕಿ ಮೈಯಾಗಿ, ಹಿಂಬದಿಯಲ್ಲಿ ಕತ್ತರಿಸಿದಂತೆ ನೇರವಾಗಿ ಮುಗಿದಿತ್ತು. ಹೊಗಳಿಕೆಗೆ ತಲೆಬಾಗಲು ಸಿದ್ಧನಾಗಿ ನಿಂತಿದ್ದ ಉಗ್ರಪ್ಪನಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಶೆಡ್ಡಿನಲ್ಲಿ ಅವನು ಲೇತಿನ ಮುಂದೆ ನಿಂತು ಇಪ್ಪತ್ತಾರು ವರ್ಷವಾಗಿತ್ತು.

"ಅದನ್ನ ಸರಿ ಮಾಡ್ಬುಟ್ಟಿದೀನಿ ಮೇಡಂ," ಎಂದ ಹೆಮ್ಮೆಯಿಂದಲೇ. "ನೀವು ಕೊಟ್ಟ ಸ್ಯಾಂಪಲ್ಲಲ್ಲಿ ಹಿಂದ್ಗಡೆ ಟೇಪರ್ ಹೊಡೆದಿತ್ತು. ಫಾರಿನ್ನೋರದಾದ್ರೇನು, ಅವರ ಮಿಷಿನ್ನೂ ಸವೀತದೆ. ನಾನು ಒಂದೇ ಸಮ ತಂದಿದೀನಿ. ಬೇಕಾದ್ರೆ ಮೈಕ್ರೋಮೀಟರ್ ಇಟ್ಟು ನೋಡಿ."

ಪಕ್ಕದಲ್ಲಿ ನಿಂತಿದ್ದ ಮಾಲೀಕ ವೆಂಕಟಗಿರಿ ಹಣೆ ಚಚ್ಚಿಕೊಂಡ.

ಉಗ್ರಪ್ಪನ ತಪ್ಪನ್ನು ತಿಳಿಯಬೇಕಾದರೆ ಟೇಪರ್ ಎಂಬ ಮಾತು ಆ ಶೆಡ್ಡಿನಲ್ಲಿ ಏನೆಂದು ತಿಳಿದಿರಬೇಕು. ಲೇತಿನಲ್ಲಿ ತಿರುಗಿಸಿದ ಕಂಬಿ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಬಂದರೆ ಟೇಪರ್ ಹೊಡೆದಿದೆ ಎನ್ನುತ್ತಾರೆ. ಅದು ಲೇತು ನಡೆಸುವ ಟರ್ನರ್ ಜಾತಿಗೇ ಅವಮಾನ. ಮೂರು ತಿಂಗಳ ಹಿಂದೆ ಪಂಪಿನ ಕಂಪನಿಯೊಂದು ನಲವತ್ತು ಶಾಫ್ಟುಗಳನ್ನು ಟೇಪರ್ ಎಂದು ವಾಪಸು ಕಳಿಸಿತ್ತು. ಮಿಷಿನ್ನಿನ ಬೆಡ್ಡೇ ಸವೆದಿದೆ ಎಂದು ಉಗ್ರಪ್ಪ ಹೇಳಿದರೆ, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ವೆಂಕಟಗಿರಿ ಎಲ್ಲರೆದುರಿಗೇ ಅಂದಿದ್ದ. ಇನ್ನೊಂದು ಮಾಲು ವಾಪಸು ಬಂದರೆ ಲೇತು ಬೇರೆಯವನಿಗೆ, ನಿಮಗೆ ಬೆಂಚು ಎಂದೂ ಹೇಳಿದ್ದ. ಬೆಂಚು ಎಂದರೆ ಇತರರು ಮಾಡಿದ ಸಾಮಾನಿನ ಅಂಚು ಉಜ್ಜುತ್ತ ಕೂರುವ ಕೆಲಸ. ಹಾವು ಕಚ್ಚಿಸಿಕೊಂಡವನು ಹಗ್ಗ ಕಂಡರೂ ಹಾರುತ್ತಾನೆ. ಆ ಫಾರಿನ್ ಗುಂಡಿನ ಬಾಲ ಸಣ್ಣಗಾದದ್ದನ್ನು ನೋಡಿದಾಗ ಉಗ್ರಪ್ಪ ಹಾರಿದ್ದು ಹಾಗೇ.

ಗಿರಿಜಾದೇವಿಯವರು ಬೈಯಲಿಲ್ಲ. ಯಶವಂತಪುರದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಾಳಿಯ ಓಟವನ್ನು ಅಳೆಯುವುದು ಅವರ ಕೆಲಸ. ಭಾನುವಾರ ರೈಫಲ್ ಕ್ಲಬ್ಬಿನಲ್ಲಿ ಮಲಗಿ ಗುರಿ ಹೊಡೆಯುವುದು ಅವರ ಹುಚ್ಚು. ಸ್ಟೂಲು ಎಳೆದುಕೊಂಡು ಕೂತು, ಸ್ಯಾಂಪಲ್ಲಾಗಿ ಕೊಟ್ಟಿದ್ದ ಆ ಚಿಕ್ಕ ಫಾರಿನ್ ಗುಂಡನ್ನು ಲೇತಿನ ಪಕ್ಕದಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಇದು ಬೇಕಂತಲೇ ಮಾಡಿರೋದು. ಗುಂಡು ಮುಂದ್ಗಡೆ ಗಾಳೀನ ಸೀಳುತ್ತೆ, ಅದು ಎಲ್ಲರಿಗೂ ಗೊತ್ತು. ಆದ್ರೆ ಗಾಳಿ ಅದನ್ನ ಹಿಂದಿನಿಂದ ಹಿಡಿದು ಎಳೆಯುತ್ತೆ. ಬಾಲ ಸಣ್ಣ ಮಾಡಿದ್ರೆ ಎಳೆತ ಕಮ್ಮಿ. ಇಂಥದ್ದು ಸಾವಿರ ಗಜ ಹೋದ್ರೂ ಸೋಲಲ್ಲ."

"ಇದನ್ನೇ ತರಿಸ್ಕೊಬೋದಲ್ಲ ಮೇಡಂ?" ಎಂದ ವೆಂಕಟಗಿರಿ.

"ಎಲ್ಲಿಂದ? ಲೈಸೆನ್ಸು ಬೇಕು, ಡಾಲರ್ ಬೇಕು, ಕಸ್ಟಮ್ಸಿನೋರು ಬಿಡ್ಬೇಕು. ಹೋದ ವರ್ಷ ನಮ್ಮ ಕ್ಲಬ್ಬಿಗೆ ಬಂದದ್ದು ಎರಡೇ ಡಬ್ಬಿ. ಉಳಿದದ್ದೆಲ್ಲ ಹಳೇ ಮಿಲಿಟರಿ ಮಾಲು. ಅದು ಆರ್ನೂರು ಗಜ ದಾಟಿದ್ಮೇಲೆ ಗುರಿ ಅಲ್ಲ, ಹರಕೆ. ನಮ್ಮಲ್ಲೇ ಮಾಡಿ ಅಂದ್ರೆ ಗುಂಡಿನ ಕಾರ್ಖಾನೆಯೋರು ಯಾವ ಬಾಲಕ್ಕೆ ಎಷ್ಟು ಎಳೆತ ಅಂತ ತೋರ್ಸಿ ಅಂತಾರೆ. ಅದನ್ನ ಅಳೆಯೋ ಗಾಳಿ ಸುರಂಗ ನನಗೆ ಸಿಗೋದು ಮುಂದಿನ ಬುಧವಾರ ಒಂದೇ ದಿನ." ಅವರು ಹಿತ್ತಾಳೆಯ ಮಾದರಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. "ಇದೂ ಇರ್ಲಿ, ಹೋಲಿಸಿ ನೋಡೋಕೆ. ಅಷ್ಟರೊಳಗೆ ಬಾಲ ಇರೋದು ಒಂದು ಮಾಡಿಕೊಡಿ."

ಅವರು ಹೋದ ಮೇಲೆ ವೆಂಕಟಗಿರಿ ಮೆಲ್ಲಗೆ ಹೇಳಿದ. "ಮೇಡಂ ಒಳ್ಳೆಯೋರು, ಬಚಾವಾದ್ರಿ. ಇದೇ ಕಡೇದು ಉಗ್ರಪ್ಪನೋರೆ. ಇದೂ ಕೆಟ್ರೆ ನಾನೇನೂ ಮಾಡಕ್ಕಾಗಲ್ಲ."

ಬೇಕೆಂದೇ ಟೇಪರ್ ಹೊಡೆಯುವುದು! ಹುಳಿಗೆ ಉಪ್ಪು ಜಾಸ್ತಿ ಮಾಡು ಎಂದು ಅಡುಗೆಯವನಿಗೆ ಹೇಳಿದಂತಾಯಿತು. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಮುದ್ದೆ ಮುರಿಯುತ್ತ ಉಗ್ರಪ್ಪ ಹೆಂಡತಿ ಅಂಜನಮ್ಮನಿಗೆ ಇದನ್ನೆಲ್ಲ ಒಪ್ಪಿಸಿದ. ಅವಳು ಸಾರು ಬಡಿಸುತ್ತ ಕೇಳಿ, "ಟೇಪರ್ ಬಂದ್ರೆ ಕೆಲ್ಸ ಹೋಯ್ತದೆ ಅಂತಿದ್ರಿ, ಈಗ ಬರದಿದ್ರೂ ಹೋಯ್ತದೆ ಅಂತೀರ. ಅದೆಂಥ ಕೆಲ್ಸ ರೀ ನಿಮ್ದು?" ಎಂದಳು. ಉಗ್ರಪ್ಪನಿಗೆ ನಗು ಬಂತು. ಆದರೂ ಅನ್ನ ಕಲಸುವಾಗ ಅವನ ಮನಸ್ಸೆಲ್ಲ ಬೆಂಚಿನ ಮೇಲಿತ್ತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಅಲ್ಲಿ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಐದು ದಿನ ಹಿಡಿಯಿತು. ಎರಡು ಕೈಯಿಂದ ಎರಡು ಹಿಡಿಕೆ ತಿರುಗಿಸುತ್ತ, ಮೂಗಿನ ಬಳುಕನ್ನು ಅದೇ ಆಕಾರಕ್ಕೆ ಕತ್ತರಿಸಿದ ತಗಡಿನ ಟೆಂಪ್ಲೇಟಿಗೆ ಹಿಡಿದು ಹಿಡಿದು ನೋಡುತ್ತ, ಕೊನೆಗೆ ಬಾಲವನ್ನು ಒಂಬತ್ತು ಡಿಗ್ರಿಗೆ ಇಳಿಸಿದ. ಎಮರಿ ಕಾಗದದಲ್ಲಿ ತಿಕ್ಕಿ ತಿಕ್ಕಿ ಮುಖ ಕಾಣುವಷ್ಟು ಹೊಳಪು ತಂದ. ಮೈಕ್ರೋಮೀಟರಿಗೂ, ಮೇಲೆ ಸವರಿದ ಉಗುರಿಗೂ ಎಲ್ಲಿಯೂ ಒಂದು ಏರುಪೇರೂ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಎರಡೂ ಮಾದರಿಗಳನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ವೆಂಕಟಗಿರಿಯ ಸ್ಕೂಟರಿನ ಹಿಂದೆ ಕೂತ.

ಗಾಳಿ ಸುರಂಗ ಎಂದರೆ ಬೆಟ್ಟ ಕೊರೆದಂತೆ ಇರುತ್ತದೆಂದು ಉಗ್ರಪ್ಪ ಅಂದುಕೊಂಡಿದ್ದ. ನೋಡಿದರೆ ಹೊರಗಡೆ ಲಾರಿಯಷ್ಟು ದೊಡ್ಡ ಗಾಳಿ ತೊಟ್ಟಿ, ಅದರಿಂದ ಒಳಕ್ಕೆ ಬಂದ ದಪ್ಪ ಕೊಳವೆ, ಕೊಳವೆಯ ನಡುವೆ ಎರಡೂ ಕಡೆ ಗಾಜು ಕೂಡಿಸಿದ ಪೆಟ್ಟಿಗೆ. ಸೇತುರಾಮ ಎಂಬ ಟೆಕ್ನಿಷಿಯನ್ ಮೊದಲು ನೇರ ಬಾಲದ ಮಾದರಿಯನ್ನು ಹಿಂದಿನಿಂದ ಒಂದು ಕಡ್ಡಿಗೆ ಸಿಕ್ಕಿಸಿ ಪೆಟ್ಟಿಗೆಯೊಳಗೆ ನಿಲ್ಲಿಸಿದ. ಎಲ್ಲರ ಕಿವಿಗೂ ಹತ್ತಿ ಕೊಟ್ಟ.

"ಇಲ್ಲಿ ಗುಂಡು ನಿಂತಿರುತ್ತೆ, ಗಾಳಿ ಓಡುತ್ತೆ," ಎಂದರು ಗಿರಿಜಾದೇವಿ. "ಸದ್ದು ಹೋಗೋ ವೇಗದ ಎರಡು ಪಟ್ಟು. ಅರ್ಧ ಗಂಟೆ ತುಂಬಿಸಿದ ಗಾಳಿ ಇಪ್ಪತ್ತು ಸೆಕೆಂಡಲ್ಲಿ ಖಾಲಿ. ಈ ಬಿಳೀ ಗಾಜಿನ ಪರದೆ ನೋಡ್ತಾ ಇರಿ. ಒಂದು ದೀಪ, ಎರಡು ಕನ್ನಡಿ, ಅಷ್ಟೇ. ಗಾಳಿ ಎಲ್ಲಿ ಒತ್ತಿಕೊಳ್ಳುತ್ತೋ ಅಲ್ಲಿ ನೆರಳು ಬೀಳುತ್ತೆ."

ಪರದೆಯ ಮೇಲೆ ಗುಂಡಿನ ಕಪ್ಪು ನೆರಳು ಮಾತ್ರ ಇತ್ತು. ಸೇತುರಾಮ ಗಾಳಿ ಬಿಡುವ ಚಕ್ರ ತಿರುಗಿಸಿದ. ಕಟ್ಟಡವೇ ಕಿರುಚಿದಂತೆ ಸದ್ದು ಎದ್ದಿತು, ಪಾದದ ಕೆಳಗೆ ನೆಲ ನಡುಗಿತು. ಉಗ್ರಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅವನಿಗೆ ಗಾಳಿ ಕಂಡಿತು.

ಐವತ್ತನಾಲ್ಕು ವರ್ಷ ಉಸಿರಾಡಿದ ಗಾಳಿ, ಗಾಳಿಪಟ ಹಾರಿಸಿದ ಗಾಳಿ, ಒಲೆ ಊದಿದ ಗಾಳಿ, ಈಗ ಎದುರಿಗೆ ರೂಪ ತಾಳಿ ನಿಂತಿತ್ತು. ಮೂಗಿನ ತುದಿಯಿಂದ ಎರಡು ಕಪ್ಪು ಗೆರೆಗಳು ಹೊರಟು ರೆಕ್ಕೆ ಬಿಚ್ಚಿದಂತೆ ಹಿಂದಕ್ಕೆ ಓರೆಯಾಗಿ ಹೋಗಿದ್ದವು. ಆ ಭಾರೀ ಕಿರುಚಾಟದ ನಡುವೆ ಅವು ಅಲುಗದೆ ನಿಂತಿದ್ದವು. ಬಾಲದ ಹಿಂದೆ ಮಾತ್ರ ಗಂಜಿಯಲ್ಲಿ ಸೌಟು ಎಳೆದಂತೆ ಗಾಳಿ ಕಲಕಿ, ಸುತ್ತಿ, ಗುಂಡಿನಷ್ಟೇ ದಪ್ಪಗೆ ಕುದಿಯುತ್ತಿತ್ತು. ಉಗ್ರಪ್ಪನಿಗೆ ಗೊತ್ತಿಲ್ಲದೆಯೇ ಕೈಗಳು ಮುಗಿದುಕೊಂಡವು. ದೇವಸ್ಥಾನದಲ್ಲಿಯೂ ಅವನಿಗೆ ಹೀಗೆ ಮೈ ಜುಮ್ಮೆಂದದ್ದಿಲ್ಲ.

"ನೋಡಿ, ಆ ಕುದಿತವೇ ಎಳೆತ," ಎಂದರು ಗಿರಿಜಾದೇವಿ, ಸದ್ದು ನಿಂತ ಮೇಲೆ.

"ಅಯ್ಯೋ ಶಿವನೇ," ಎಂದ ಉಗ್ರಪ್ಪ. "ನಾನು ಸರಿ ಮಾಡಿದ್ದು ಇದನ್ನಾ?"

ತೊಟ್ಟಿ ಮತ್ತೆ ತುಂಬಿತು. ಎರಡನೇ ಮಾದರಿ ಒಳಗೆ ಹೋಯಿತು. ಮತ್ತೆ ಕಿರುಚಾಟ, ಮತ್ತೆ ರೆಕ್ಕೆ. ಆದರೆ ಈ ಸಲ ಗಾಳಿ ಬಾಲದ ಇಳಿಜಾರನ್ನು ಹಿಡಿದುಕೊಂಡು ಒಳಕ್ಕೆ ಬಾಗಿ, ಹಿಂದೆ ಹೋಗಿ ಸಣ್ಣಗೆ ಸೇರಿಕೊಂಡಿತು. ಕುದಿತ ಅರ್ಧದಷ್ಟೂ ಇರಲಿಲ್ಲ. ವೆಂಕಟಗಿರಿ ಮಗುವಿನಂತೆ ಉಗ್ರಪ್ಪನ ಭುಜ ಹಿಡಿದು ಅಲ್ಲಾಡಿಸಿದ.

ಉಗ್ರಪ್ಪ ಬಾಲವನ್ನು ನೋಡುತ್ತಿರಲಿಲ್ಲ. ಮೂಗಿನ ಬಳುಕು ಮುಗಿದು ಮೈ ಶುರುವಾಗುವ ಕಡೆ, ಕೂದಲೆಳೆಯಂಥ ಒಂದು ಗೆರೆ ಓರೆಯಾಗಿ ಎದ್ದು ನಿಂತಿತ್ತು. ಮೊದಲನೆಯ ಮಾದರಿಯಲ್ಲಿ ಅದು ಇರಲಿಲ್ಲ.

ಸದ್ದು ನಿಂತಿತು. ಗಿರಿಜಾದೇವಿಯವರೂ ಆ ಗೆರೆಯನ್ನು ಕಂಡಿದ್ದರು. "ಸೇತುರಾಮ್, ಅದೇನದು?"

"ಗಾಜಿಗೆ ದೂಳಿನ ಎಳೆ ಅಂಟಿರ್ಬೇಕು ಮೇಡಂ. ಗಾಳಿ ನಿಂತ್ಮೇಲೆ ಉದುರಿ ಹೋಗುತ್ತೆ ಒಂದೊಂದ್ಸಲ. ಅದಕ್ಕೇನೂ ಆಗಲ್ಲ, ಬರ್ಕೊಳ್ಲಾ ಲೆಕ್ಕ?"

"ದೂಳಾದ್ರೆ ಪರವಾಗಿಲ್ಲ," ಎಂದರು ಗಿರಿಜಾದೇವಿ. "ಗುಂಡಿನ ಮೇಲೇ ಇದ್ರೆ ಮಾತ್ರ ಈ ಲೆಕ್ಕ ನಾನು ಕಳಿಸೋ ಹಾಗಿಲ್ಲ."

ವೆಂಕಟಗಿರಿ ಆಗಲೇ ಗಡಿಯಾರ ನೋಡುತ್ತ ಹೊರಡುವ ತಯಾರಿಯಲ್ಲಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು, ನಾಳೆ ಬೆಳಿಗ್ಗೆ ಎಂಟಕ್ಕೆ ಉಗ್ರಪ್ಪ ತನ್ನ ಲೇತಿನ ಮುಂದೆ ನಿಂತಿರುತ್ತಿದ್ದ. ಅವನೂ ಹಾಗೆಂದೇ ತುಟಿ ಬಿಗಿಹಿಡಿದ. ಹೆದರಿಕೆಯೂ ಆಯಿತು. ಆದರೆ ಮೈಕ್ರೋಮೀಟರಿಗೆ ಸಿಗದ್ದನ್ನು, ತನ್ನ ಉಗುರಿಗೆ ಸಿಗದ್ದನ್ನು ಹುಡುಕಿ ತೋರಿಸಿದ ಆ ಗಾಳಿಯ ಮುಂದೆ ಸುಳ್ಳು ನಿಲ್ಲಿಸಲು ಅವನಿಂದ ಆಗಲಿಲ್ಲ.

"ಅದು ಗಾಜಿಂದಲ್ಲ ಮೇಡಂ," ಎಂದ. "ನಂದು. ಶುಕ್ರವಾರ ಅಲ್ಲಿಗೆ ಬಂದಾಗ ಕರೆಂಟ್ ಹೋಯ್ತು. ಬಂದ್ಮೇಲೆ ಕತ್ತರಿಸೋ ಟೂಲ್ ಮತ್ತೆ ಕಚ್ಚಿಸ್ದೆ. ಸರಿಯಾಗಿ ಕಚ್ಚಿಸ್ಲಿಲ್ಲ, ಅಲ್ಲೊಂದು ಸಣ್ಣ ಏಣು ಉಳ್ಕೊಂಡದೆ ಅಂತ ಈಗ ಗೊತ್ತಾಯ್ತು."

ವೆಂಕಟಗಿರಿ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ. "ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಉಗ್ರಪ್ಪನೋರೆ?"

"ಗಾಳಿ ಕೇಳ್ತಲ್ಲ ಸಾರ್."

"ಹಂಗಾದ್ರೆ ನಾಳೆಯಿಂದ ಬೆಂಚು. ಗೊತ್ತಲ್ಲ?"

"ಗೊತ್ತು ಸಾರ್." ಉಗ್ರಪ್ಪ ಸೇತುರಾಮನ ಕಡೆ ತಿರುಗಿದ. "ಇನ್ನೊಂದ್ಸಲ ಗಾಳಿ ತುಂಬಕ್ಕೆ ಅರ್ಧ ಗಂಟೆ ಆಯ್ತದಲ್ವಾ? ಅಷ್ಟು ಸಾಕು. ಸಾರ್, ನೀವು ಸ್ವಲ್ಪ ಈ ಕಡ್ಡಿ ಗಟ್ಟಿಯಾಗಿ ಹಿಡ್ಕೊಳಿ."

ವೆಂಕಟಗಿರಿಗೆ ಬೇರೆ ದಾರಿ ಇರಲಿಲ್ಲ. ಇಸ್ತ್ರಿ ಅಂಗಿಯ ತೋಳು ಮಡಿಸಿ, ಗುಂಡಿನ ಸಮೇತ ಹೊರತೆಗೆದ ಕಡ್ಡಿಯನ್ನು ಎರಡೂ ಕೈಯಿಂದ ಹಿಡಿದು ಮೊಣಕಾಲೂರಿ ಕೂತ. ಉಗ್ರಪ್ಪ ಜೇಬಿನಲ್ಲಿದ್ದ ಸವೆದ ಎಮರಿಯ ಪಟ್ಟಿಗೆ ಎಣ್ಣೆ ಸವರಿ, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ ಗುಂಡಿಗೆ ಒಂದು ಸುತ್ತು ಹಾಕಿ ಎರಡೂ ತುದಿ ಎಳೆದು ಬಿಡತೊಡಗಿದ. ಎಲ್ಲಿ ತಿಕ್ಕಬೇಕೆಂದು ಕಣ್ಣಿಗೂ ಕಾಣುತ್ತಿರಲಿಲ್ಲ, ಬೆರಳಿಗೂ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಕಂಡದ್ದನ್ನು ನೆನೆಯುತ್ತ ಕಣ್ಣು ಮುಚ್ಚಿಕೊಂಡೇ ಎಳೆದ. ನಡುನಡುವೆ, "ಸ್ವಲ್ಪ ತಿರುಗ್ಸಿ ಸಾರ್," ಎನ್ನುತ್ತಿದ್ದ. ಮಾಲೀಕ ತಿರುಗಿಸುತ್ತಿದ್ದ. ಎಣ್ಣೆ ಅವನ ಮಣಿಕಟ್ಟಿನವರೆಗೂ ಇಳಿದಿತ್ತು. ಆ ಅರ್ಧ ಗಂಟೆಯಲ್ಲಿ ವೆಂಕಟಗಿರಿ, ತನ್ನ ಶೆಡ್ಡಿನಲ್ಲಿ ಕೆಲಸ ಹೇಗೆ ಆಗುತ್ತದೆಂದು ಬಹುಶಃ ಮೊದಲ ಸಲ ಹತ್ತಿರದಿಂದ ನೋಡಿದ.

ಮೂರನೇ ಸಲ ಚಕ್ರ ತಿರುಗಿತು. ರೆಕ್ಕೆಗಳು ಬಿಚ್ಚಿಕೊಂಡವು, ಬಾಲದ ಹಿಂದೆ ಗಾಳಿ ಸಣ್ಣಗೆ ಸೇರಿಕೊಂಡಿತು. ಗಿರಿಜಾದೇವಿ ಮತ್ತು ಸೇತುರಾಮ ಬಾಲವನ್ನೂ ಎಳೆತ ಅಳೆಯುವ ಮೀಟರಿನ ಮುಳ್ಳುಗಳನ್ನೂ ನೋಡುತ್ತಿದ್ದರು. ಉಗ್ರಪ್ಪ ಮೂಗು ಮುಗಿಯುವ ಜಾಗವನ್ನು ನೋಡಿದ. ವೆಂಕಟಗಿರಿಯೂ ಅಲ್ಲೇ ನೋಡುತ್ತಿದ್ದ. ಅಲ್ಲಿ ಗೆರೆ ಇರಲಿಲ್ಲ. ಇಪ್ಪತ್ತು ಸೆಕೆಂಡು ಪೂರ್ತಿ ಇರಲಿಲ್ಲ.

"ಐದರಲ್ಲಿ ಒಂದು ಪಾಲು ಎಳೆತ ಕಮ್ಮಿ," ಎಂದರು ಗಿರಿಜಾದೇವಿ, ಬರೆದುಕೊಂಡ ಹಾಳೆಯಿಂದ ತಲೆಯೆತ್ತಿ. "ಇದನ್ನ ಕಳಿಸ್ತೀನಿ. ಇನ್ನೂ ಮೂರು ಥರದ ಬಾಲ ಮಾಡಿಕೊಡ್ಬೇಕಾಗುತ್ತೆ ವೆಂಕಟಗಿರಿಯವರೇ. ಇವರ ಕೈಯಲ್ಲೇ."

ವೆಂಕಟಗಿರಿ ಎಣ್ಣೆಯ ಕೈಗಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದ. ಉಗ್ರಪ್ಪನ ಮುಖ ನೋಡದೆ, "ಬೆಂಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ ಬಿಡಿ," ಎಂದ.

ಸೇತುರಾಮ ಮಾದರಿಯನ್ನು ಕಳಚಿ ಉಗ್ರಪ್ಪನ ಕೈಗಿಟ್ಟ. ತೊಟ್ಟಿಯಿಂದ ನುಗ್ಗಿ ಹಿಗ್ಗಿದ ಗಾಳಿಗೆ ಅದು ಐಸಿನಂತೆ ತಣ್ಣಗಾಗಿತ್ತು. ನೋಡುತ್ತಿದ್ದಂತೆ ಅದರ ಮೇಲೆ ಕೋಣೆಯ ಗಾಳಿ ಮಂಜಾಗಿ ಕೂರತೊಡಗಿತು. ಮೂಗಿನ ತುದಿಯಿಂದ ಬಾಲದ ಕೊನೆಯವರೆಗೆ, ಎಲ್ಲಿಯೂ ಬಿಟ್ಟುಹೋಗದೆ, ಒಂದೇ ಸಮನಾಗಿ ಬೆಳ್ಳಗೆ ಹರಡಿತು. ಉಗ್ರಪ್ಪ ಅದನ್ನು ಒರೆಸಲಿಲ್ಲ. ಅದು ತಾನಾಗಿ ಆರುವವರೆಗೂ ಅಂಗೈ ಅಲುಗಿಸದೆ ಹಿಡಿದುಕೊಂಡು ನಿಂತಿದ್ದ.