ಗೋಧಿ ಇಲ್ಲದ ಪಿಜ್ಜಾ

"ಅಂಚು ಕರುಂ ಕುರುಂ ಅನ್ನತ್ತಮ್ಮ, ನಡುವೆ ಮೆತ್ತಗಿರತ್ತೆ. ಬರೀ ಆಲೂಗೆಡ್ಡೇಲೇ ಪಿಜ್ಜಾ!" ಶೂ ಬಿಚ್ಚುವ ಮೊದಲೇ ಮಗಳು ಶುರು ಹಚ್ಚಿಕೊಂಡಳು. "ಚಿಕ್ಕಮ್ಮ ಮಾಡಿದ್ರು. ನಾಲ್ಕು ತುಂಡು ತಿಂದೆ ಗೊತ್ತಾ?"

"ನಾಲ್ಕು ತುಂಡಾ?" ಎಂದಳು ಅಮ್ಮ.

ಚಿಕ್ಕಮ್ಮ ಎಂದರೆ ಅಪ್ಪನ ಹೊಸ ಹೆಂಡತಿ. ಮಗಳು ವಾರಕ್ಕೆ ಎರಡು ದಿನ ಅಲ್ಲಿ, ಐದು ದಿನ ಇಲ್ಲಿ. ಗೋಧಿ ಒಂದು ಚಿಟಿಕೆ ಒಳಗೆ ಹೋದರೂ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುವ ಹುಡುಗಿ. ಅಮ್ಮನೋ, ಹದಿನೆಂಟು ವರ್ಷದಿಂದ ಬೇಕರಿಯಲ್ಲಿ ಹಿಟ್ಟು ನಾದುವವಳು. ಊರೆಲ್ಲ ಸಾಲು ನಿಂತು ಕೊಳ್ಳುವ ಅವಳ ಬ್ರೆಡ್ಡು ಹೆತ್ತ ಮಗಳಿಗೇ ವಿಷ. ಬೇರೆ ಏನೇ ಆಗಿದ್ದರೂ ಸಹಿಸಿಕೊಳ್ಳುತ್ತಿದ್ದಳು. ನಿನ್ನೆ ಮೊನ್ನೆ ಬಂದವಳು ಒಲೆಯ ಮುಂದೆ ತನ್ನನ್ನು ಸೋಲಿಸುವುದೆಂದರೇನು? ಹೊಟ್ಟೆ ಧಗಧಗ ಉರಿಯಿತು.

"ಇವತ್ತು ನಾನೂ ಮಾಡ್ತೀನಿ."

"ಹೇಗ್ ಮಾಡೋದು ಅಂತ ಚಿಕ್ಕಮ್ಮನ್ನ ಕೇಳ್ಲಾ?"

"ನನಗೆ ಹೇಳ್ಕೊಡೋಕೆ ಅವಳ್ಯಾರು?"

ಆಲೂಗೆಡ್ಡೆ ಬೇಯಿಸಿದಳು, ಗಂಟಿಲ್ಲದಂತೆ ಹಿಸುಕಿದಳು, ಮೊಟ್ಟೆ ಒಡೆದು ಹಾಕಿ ಕಲಸಿದಳು. ಮಗಳು ಮೇಜಿನ ಹತ್ತಿರ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮುದ್ದೆ ಮಣೆಗೆ ಅಂಟಿಕೊಂಡಿತು, ಬೆರಳಿಗೂ ಅಂಟಿಕೊಂಡಿತು. ಅಮ್ಮ ಬೈದಳು, ಕೆರೆದಳು, ಮತ್ತೆ ತಟ್ಟಿದಳು. ಕೊನೆಗೆ ಹೇಗೋ ದಾರಿಗೆ ಬಂತು. ಟೊಮೆಟೊ, ಚೀಸು ಹರಡಿ ಓವನ್ನಿಗೆ ತಳ್ಳಿದಳು.

ಹೊರಗೆ ತೆಗೆದಾಗ ಅಂಚು ಹೊಂಬಣ್ಣಕ್ಕೆ ತಿರುಗಿತ್ತು. ಅಮ್ಮ ಬೀಗುತ್ತ ಕತ್ತರಿಸಿದಳು. "ತಿಂದು ಹೇಳು, ಯಾರದ್ದು ಚೆನ್ನಾಗಿದೆ ಅಂತ."

ಮಗಳು ತುಂಡು ಕೈಗೆತ್ತಿಕೊಂಡಳು. ಊದಿದಳು. ಇನ್ನೂ ಊದಿದಳು. ಮಣೆ ತೊಳೆಯಲು ತಿರುಗಿದ ಅಮ್ಮನ ಕಣ್ಣಿಗೆ ಪಕ್ಕದಲ್ಲಿದ್ದ ಡಬ್ಬಿ ಬಿತ್ತು. ಮಗಳಿಲ್ಲದ ಎರಡು ದಿನ ಮನೆಯಲ್ಲೇ ಕೇಕಿನ ಆರ್ಡರು ಮುಗಿಸಿ, ಅವಳು ಬರುವ ಮುಂಚೆ ಮೇಲಿನ ಕಪಾಟಿಗೆ ಸೇರಿಸಿಬಿಡುತ್ತಿದ್ದ ಗೋಧಿಹಿಟ್ಟಿನ ಡಬ್ಬಿ ಇವತ್ತು ಅಲ್ಲೇ ಉಳಿದಿತ್ತು. ಮುಚ್ಚಳ ತೆರೆದಿತ್ತು. ಅಂಟಿದ್ದಕ್ಕೆ ಹಿಟ್ಟು ಉದುರಿಸುವುದು ಹದಿನೆಂಟು ವರ್ಷದ ರೂಢಿ. ಕೈ ಅವಳನ್ನು ಕೇಳಿರಲೇ ಇಲ್ಲ.

ಒಂದೇ ನೆಗೆತಕ್ಕೆ ತುಂಡನ್ನು ಕಿತ್ತುಕೊಂಡಳು. "ನುಂಗಿದ್ಯಾ? ಬಾಯಿ ತೆಗಿ!"

"ಇಲ್ಲಮ್ಮ. ಇನ್ನೂ ಕಚ್ಚಿರಲಿಲ್ಲ."

"ಅಯ್ಯೋ, ನಾನು ಹಿಟ್ಟು ಉದುರಿಸ್ಬಿಟ್ಟೆ ಕಣೇ."

"ಗೊತ್ತು. ನೋಡ್ದೆ."

"ನೋಡಿನೂ ಯಾಕ್ ತಿನ್ನೋಕೆ ಹೊರಟೆ?"

ಮಗಳು ತಲೆ ತಗ್ಗಿಸಿದಳು. "ಬೇಡ ಅಂದ್ರೆ, ನಂಗೆ ಚಿಕ್ಕಮ್ಮಂದೇ ಇಷ್ಟ ಅಂದ್ಕೊಂಡು ನೀನು ಅಳ್ತೀಯಲ್ಲ. ಎರಡು ದಿನ ನೋವಾಗತ್ತೆ, ಅಷ್ಟೇ."

ಅಮ್ಮ ತಟ್ಟೆಯನ್ನೇ ಎತ್ತಿಕೊಂಡಳು. ಪಿಜ್ಜಾ ಕಸಕ್ಕೆ ಹೋಯಿತು, ಹಿಂದೆಯೇ ಡಬ್ಬಿಯ ಹಿಟ್ಟೂ ಹೋಯಿತು. ಮಣೆ, ತಟ್ಟೆ ಉಜ್ಜಿದಳು, ಮೇಜು ಒರೆಸಿದಳು, ಮೊಣಕೈವರೆಗೆ ತೊಳೆದುಕೊಂಡಳು, ಸೀರೆ ಬದಲಿಸಿ ಬಂದು ಹೊಸದಾಗಿ ಆಲೂಗೆಡ್ಡೆ ಬೇಯಲಿಟ್ಟಳು. ಆಮೇಲೆ ಈವರೆಗೆ ತಾನಾಗಿ ಒಮ್ಮೆಯೂ ಒತ್ತದ ನಂಬರನ್ನು ಒತ್ತಿದಳು.

"ನಾನು, ಅವಳಮ್ಮ. ಆಲೂಗೆಡ್ಡೆ ಅಂಟದ ಹಾಗೆ ನೀವೇನು ಉದುರಿಸ್ತೀರಿ?"

"ಏನೂ ಇಲ್ಲಕ್ಕ. ತಟ್ಟೆಗೆ ಎಣ್ಣೆ ಸವರಿ, ಕೈ ಒದ್ದೆ ಮಾಡ್ಕೊಂಡು ತಟ್ಟೋದು."

ಅಕ್ಕನಂತೆ! ಉರಿ ಇನ್ನೂ ಆರಿರಲಿಲ್ಲ. ಮಗಳು ಫೋನಿನ ಸ್ಪೀಕರ್ ಹಾಕಿ ನೀರಿನ ಜಗ್ಗಿಗೆ ಒರಗಿಸಿಟ್ಟಳು. ಅಡುಗೆಮನೆಯ ತುಂಬ ಆ ಹೆಂಗಸಿನ ದನಿ.

"ಅಂಚು ತೆಳ್ಳಗೆ ಬಂತಾ?"

"ಬರ್ತಾ ಇದೆ," ಎಂದಳು ಅಮ್ಮ, ಒದ್ದೆ ಕೈಯಲ್ಲಿ ತಟ್ಟುತ್ತ.